ಇರುಳು ನೀಲಿ

ಗಂಗಾಧರಪ್ಪನವರು ಫೋನಿಗೆ ಬಂದಿದ್ದ ಆ ದನಿಯನ್ನು ಮೂರನೆಯ ಸಲ ಹಾಕುವ ಮೊದಲು, ಎಲ್ಲರಿಗೂ ಸರಿಯಾಗಿ ಕೇಳಲೆಂದು ಫ್ಯಾನು ನಿಲ್ಲಿಸಿದರು. ಗಾಂಧಿ ಬಜಾರಿನ ಅವರ ಜವಳಿ ಅಂಗಡಿಯಲ್ಲಿ ಬೇಸಗೆಯ ಬೆಳಿಗ್ಗೆ ಫ್ಯಾನು ನಿಲ್ಲಿಸುವುದೆಂದರೆ ಸಣ್ಣ ಗೌರವವಲ್ಲ. ಗಾದಿಯ ಮೇಲೆ ಸೀರೆ ಹರವಿ ಕೂತಿದ್ದ ಸೇಲ್ಸಿನವರೂ, ಕುಬಸದ ತುಂಡಿಗೆಂದು ಬಂದು ಆಗಿನಿಂದ ಕಾಯುತ್ತಿದ್ದ ತಾಯಿ ಮಗಳೂ ತಲೆಯೆತ್ತಿದರು. ಸುದರ್ಶನ ಗಲ್ಲಾಪೆಟ್ಟಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತನ್ನ ಚಹಾದ ಲೋಟವನ್ನೇ ನೋಡುತ್ತಿದ್ದ. ಫೋನಿನಿಂದ ಹೆಂಗಸೊಬ್ಬರ ತಿಳಿಯಾದ, ದಿನವಿಡೀ ಮಾತಾಡಿ ಪಳಗಿದ ದನಿ ಮತ್ತೆ ಹೊರಟಿತು.

"ನಮಸ್ಕಾರ. ನಾನು ಭದ್ರಾವತಿಯಿಂದ ಬಸವರಾಜೇಶ್ವರಿ ಅಂತ. ಬ್ಯಾಂಕಲ್ಲಿ ಟೆಲಿಫೋನ್ ಆಪರೇಟರ್. ನಂಗೆ ಕಣ್ಣು ಕಾಣಲ್ಲ. ನಿಮ್ಮ ಸೈಟಲ್ಲಿ ಯಾರನ್ನೂ ಕೇಳ್ದೆ ನಾನೇ ಒಂದು ಸೀರೆ ಆರಿಸಿ ತರಿಸ್ಕೊಂಡೆ. ಈ ವಯಸ್ಸಿಗೆ ಇದೇ ಮೊದಲು ನೋಡಿ. ಇರುಳು ನೀಲಿ ಅಂತಿತ್ತಲ್ಲ, ಅದು. ಭಾನುವಾರ ನಮ್ಮಣ್ಣನ ಮಗಳ ಮದುವೆ, ಮುಹೂರ್ತಕ್ಕೆ ಅದನ್ನೇ ಉಡ್ತೀನಿ. ಅದನ್ನ ಬರೆದೋರು ಯಾರೋ ಗೊತ್ತಿಲ್ಲ, ಅವರಿಗೊಂದು ನಮಸ್ಕಾರ ತಿಳ್ಸಿ. ಅವರು ಸಿಕ್ಕಿದ್ರೆ ಒಂದು ಮಾತು ಕೇಳೋದಿತ್ತು."

ಮೊದಲ ಸಲ ಕೇಳಿದಾಗ ಸುದರ್ಶನನ ಎದೆ ಉಬ್ಬಿದ್ದು ನಿಜ. ಎಂ.ಎ. ಕನ್ನಡ ಮುಗಿಸಿ, ಅತಿಥಿ ಉಪನ್ಯಾಸಕ ಅನ್ನಿಸಿಕೊಂಡು ಕಾಲೇಜಿನಿಂದ ಕಾಲೇಜಿಗೆ ಅಲೆದು, ಈ ವರ್ಷ ಎಲ್ಲಿಯೂ ಅತಿಥಿಯಾಗಿ ಕೂಡ ಬೇಡವೆನಿಸಿಕೊಂಡ ಮೇಲೆ, ಅವನು ಬರೆದ ಒಂದು ಸಾಲನ್ನು ಯಾರೋ ನೆನಪಿಟ್ಟುಕೊಂಡು ನಮಸ್ಕಾರ ಹೇಳಿದ್ದು ಇದೇ ಮೊದಲು. ಎರಡನೆಯ ಸಲ ಕೇಳಿದಾಗ ಆ 'ಇರುಳು ನೀಲಿ' ಯಾವ ಸೀರೆಯದೆಂದು ನೆನಪಾಯಿತು. ಮೂರನೆಯ ಸಲಕ್ಕೆ ಚಹಾದ ಲೋಟ ಕೆಳಗಿಟ್ಟ. ಆ ಸೀರೆ ನೀಲಿಯಲ್ಲ. ಕಪ್ಪು. ಅಪ್ಪಟ ಕಪ್ಪು, ಬಾಣಲೆಯ ತಳದಂತೆ.

ದುರ್ಗಿಗುಡಿಯಲ್ಲಿ ವೆಬ್‌ಸೈಟು ಮಾಡಿಕೊಡುವ ಮಧು ಈ ಕೆಲಸಕ್ಕೆ ಅವನನ್ನು ಹಚ್ಚಿದ್ದ. ಅಂಗಡಿಯ ಸೈಟು ಮೊದಲು ಕಣ್ಣಿದ್ದವರಿಗೆ ಮಾತ್ರ ಇತ್ತು. ಕಾಣದವರ ಫೋನು ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದಂತೆ. ಆದರೆ ಚಿತ್ರದ ಹಿಂದೆ ಮಾತು ಬರೆದಿಡದಿದ್ದರೆ ಅದು ಪಾಪ ಏನು ಓದೀತು? 'ಚಿತ್ರ, ಚಿತ್ರ, ಬಟನ್, ಬಟನ್' ಎಂದು ಬಡಬಡಿಸುತ್ತ ಹೋಗುತ್ತದೆ. ಮಧು ಕಣ್ಣು ಮುಚ್ಚಿಕೊಂಡು ಅದನ್ನು ಅವನಿಗೂ ಗಂಗಾಧರಪ್ಪನವರಿಗೂ ಕೇಳಿಸಿದ್ದ. ಗಂಗಾಧರಪ್ಪನವರು, "ನಮ್ಮವ್ವಂಗೂ ಕಡೆಗಾಲದಲ್ಲಿ ಕಾಣ್ತಿರ್ಲಿಲ್ಲ. ಬಟ್ಟೆ ಮುಟ್ಟಿ ಮುಟ್ಟಿ, ಇದು ಯಾವ ಬಣ್ಣನೋ ಗಂಗಾಧರ ಅಂತ ಕೇಳೋಳು. ಮಾಡಪ್ಪ, ಖರ್ಚಾದ್ರೆ ಆಗ್ಲಿ" ಎಂದಿದ್ದರು. ಮಧು ಬಟನ್ನುಗಳಿಗೆಲ್ಲ ಹೆಸರು ಕೊಟ್ಟ. ಸೀರೆಗಳ ಚಿತ್ರಗಳಿಗೆ ಮಾತು ಬರೆಯುವ ಕೆಲಸ ಸುದರ್ಶನನಿಗೆ ಬಂತು. "ಕಂಡಿದ್ದನ್ನ ಬರೀರಿ ಸರ್, ಅನ್ನಿಸಿದ್ದನ್ನಲ್ಲ" ಎಂದು ಮಧು ಒಂದೇ ಸೂತ್ರ ಹೇಳಿಕೊಟ್ಟಿದ್ದ. ಇಂಜಿನಿಯರಿಂಗ್ ಓದಿದ ಹುಡುಗ ತನಗೆ ಬರವಣಿಗೆ ಹೇಳಿಕೊಡುವ ಕಾಲ ಬಂತಲ್ಲ ಎಂದು ಸುದರ್ಶನ ಮನಸ್ಸಿನಲ್ಲೇ ನಕ್ಕಿದ್ದ.

ಮೊದಮೊದಲು ಅವನಿಗೆ ನಾಚಿಕೆಯಾಗುತ್ತಿತ್ತು. ಗಂಡಸು ಮೂಲೆಯಲ್ಲಿ ಕೂತು ಗಿಳಿಹಸಿರು, ಅರಿಶಿನ, ಈರುಳ್ಳಿಸಿಪ್ಪೆ ಬಣ್ಣ ಎಂದು ಬರೆಯುವುದನ್ನು ನೋಡಿ ಸೇಲ್ಸಿನವರು 'ಬಣ್ಣದ ಮೇಷ್ಟ್ರು' ಎಂದು ಹೆಸರಿಟ್ಟರು. ಒಮ್ಮೆ ಹಳೆಯ ಸಹೋದ್ಯೋಗಿಯೊಬ್ಬ ಹೆಂಡತಿಯೊಂದಿಗೆ ಅಂಗಡಿಗೆ ಬಂದಾಗ ಅವನು ರಾಶಿ ಬಿದ್ದ ಪೆಟ್ಟಿಗೆಗಳ ಹಿಂದೆ ಸರಿದು ನಿಂತಿದ್ದ. ಆದರೆ ಬರೆಯುತ್ತ ಬರೆಯುತ್ತ ಹಳೆಯ ಚಪಲ ತಲೆಯೆತ್ತಿತು. ಆ ಸೀರೆಯ ಸರದಿ ಬಂದಾಗ ಅವನು ಮೊದಲು ಬರೆದದ್ದು ಕಪ್ಪು ಎಂದೇ. ಗಂಗಾಧರಪ್ಪನವರು ಕನ್ನಡಕ ಏರಿಸಿ ನೋಡಿ, ಬಿಸಿ ತಾಕಿದವರಂತೆ ಕೈ ಹಿಂದೆಗೆದಿದ್ದರು. ಅವರ ಅಪ್ಪನ ಕಾಲದಿಂದಲೂ ಆ ಅಂಗಡಿಯಲ್ಲಿ ಆ ಮಾತಿಲ್ಲ. ಗಿರಾಕಿಯೇ ಬಾಯಿಬಿಟ್ಟು ಕೇಳಿದರೂ "ಕೃಷ್ಣ ತೋರಿಸ್ತೀವಿ ತಾಯಿ" ಎನ್ನುತ್ತಾರೆಯೇ ಹೊರತು ಕಪ್ಪು ಎನ್ನುವುದಿಲ್ಲ. ಸರಕು ಮುಗಿಯಿತು ಎನ್ನುವುದಿಲ್ಲ, ಹೆಚ್ಚಾಗಿದೆ ಎನ್ನುತ್ತಾರೆ. ಸಂಜೆ ಅಂಗಡಿ ಮುಚ್ಚುವುದೂ ಇಲ್ಲ, ಬಾಗಿಲು ಮುಂದೆ ಮಾಡುತ್ತಾರೆ. "ಮದುವೆ ಬಟ್ಟೆ ಮಾರೋ ಜಾಗ ಮೇಷ್ಟ್ರೇ. ಕಣ್ಣಿಗೆ ಕಾಣೋದನ್ನ ಬಾಯಲ್ಲಿ ಯಾಕೆ ಹೇಳ್ಬೇಕು?" ಎಂದಿದ್ದರು. ಅವನು ಕೃಷ್ಣ ಎಂದು ಬರೆದಿದ್ದರೂ ಆಗುತ್ತಿತ್ತು, ಭದ್ರಾವತಿಯ ಆ ಹೆಂಗಸು ಅರ್ಥಮಾಡಿಕೊಳ್ಳುತ್ತಿದ್ದರೋ ಏನೋ. ಆದರೆ ಅವನಿಗೆ ಅದು ಸಪ್ಪೆಯೆನಿಸಿತು. ಇರುಳು ನೀಲಿ ಎಂದು ಬರೆದು, ಓದಿಕೊಂಡು, ಮನೆಗೆ ಹೋಗಿ ಹೆಂಡತಿ ದೀಪಶ್ರೀಗೂ ಓದಿ ಹೇಳಿದ್ದ. ಅವಳು ಕುಕ್ಕರಿನ ಸೀಟಿ ಎಣಿಸುತ್ತ, "ಚೆನ್ನಾಗಿದೆ" ಎಂದಿದ್ದಳು.

ಈಗ ಫ್ಯಾನು ಮತ್ತೆ ತಿರುಗತೊಡಗಿತ್ತು. "ಕೇಳಿದ್ರಾ ಮೇಷ್ಟ್ರೇ? ನಮ್ಮವ್ವನ ಪುಣ್ಯ" ಎಂದರು ಗಂಗಾಧರಪ್ಪನವರು. ಕಣ್ಣಂಚು ಒದ್ದೆಯಾಗಿತ್ತು, ಅದು ನಾಟಕವಲ್ಲ. "ಇವತ್ತೇ ಹೋಗಿ ಬನ್ನಿ. ಭದ್ರಾವತಿ ಏನು ದೂರ? ಆ ಅಮ್ಮ ಸೀರೆ ಹಿಡ್ಕೊಂಡು ಒಂದೆರಡು ಮಾತು ಆಡ್ಲಿ, ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ. ಸೈಟಿಗೆ ಹಾಕೋಣ."

"ಸಾಹುಕಾರ್ರೇ," ಎಂದ ಸುದರ್ಶನ, "ಆ ಸೀರೆ ಕಪ್ಪಲ್ವಾ?"

ಅಂಗಡಿಯೊಳಗೆ ಯಾರೋ ಗಾಜಿನ ಲೋಟ ಬೀಳಿಸಿದಂತಾಯಿತು. ತಾಯಿ ಮಗಳ ಕಡೆ ನೋಡಿದಳು. ಗಂಗಾಧರಪ್ಪನವರು ಗೋಡೆಯ ಮೇಲಿನ ದೇವರ ಪಟದತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. "ಶುಕ್ರವಾರ ಬೆಳಿಗ್ಗೆ ಬೆಳಿಗ್ಗೆ ಆ ಮಾತು ಯಾಕ್ರೀ? ಆ ಅಮ್ಮಂಗೆ ಖುಷಿಯಾಗಿದೆ. ಮನೆಯೋರಿಗೆ ಕಣ್ಣಿದೆ, ಬೇಡ ಅನ್ನಿಸಿದ್ರೆ ಅವರೇ ಹೇಳ್ತಿದ್ರು. ನೀವು ಓದಿದೋರು, ಸುಮ್ನೆ ಎಲ್ಲದಕ್ಕೂ ತಲೆ ಕೆಡಿಸ್ಕೊಳ್ತೀರಿ." ಆಮೇಲೆ ಬಸ್ಸಿಗೆಂದು ಹಣ ತೆಗೆದು ಅವನ ಜೇಬಿಗೆ ತಾವೇ ತುರುಕಿದರು. ಜನರೆದುರು ಜೇಬಿಗೆ ಕೈ ಹಾಕಿಸಿಕೊಂಡು ನಿಲ್ಲುವುದು ಹೇಗೆಂದು ತಿಳಿಯದೆ ಸುದರ್ಶನ ಚಪ್ಪಲಿ ಹುಡುಕುವವನಂತೆ ಬಗ್ಗಿದ.

ಬಸ್ ನಿಲ್ದಾಣದಲ್ಲಿ ಅಭ್ಯಾಸಬಲದಿಂದ ಕಾಲು ಹಣ್ಣಿನ ಗಾಡಿಯ ಕಡೆ ಎಳೆಯಿತು. ಮದುವೆಯ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಗಾಡಿಯ ತುಂಬ ಮೂಸಂಬಿ ಜೋಡಿಸಿಟ್ಟಿತ್ತು. ಕೈ ಚಾಚಿದವನು ಹಾಗೇ ನಿಂತ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದುವಾಗ ಹಾಸ್ಟೆಲ್ಲಿಗೆ ಒಂದು ಫೋನು ಬಂದಿತ್ತು. 'ಅಪ್ಪಂಗೆ ಸ್ವಲ್ಪ ಸೀರಿಯಸ್ಸು, ಹೊರಟು ಬಾ' ಎಂದಿದ್ದ ಚಿಕ್ಕಪ್ಪ. ಸ್ವಲ್ಪ ಎಂದಿದ್ದನಲ್ಲ ಎಂದು ಸುದರ್ಶನ ಇದೇ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗ ಒಂದು ಚೀಲ ಮೂಸಂಬಿ ಕೊಂಡಿದ್ದ, ರಸ ಹಿಂಡಿ ಕೊಟ್ಟರೆ ಜ್ವರದ ಬಾಯಿಗೆ ಹಿತ ಎಂದು. ಹಣ್ಣು ಮಾಗಿದೆಯೇ ಎಂದು ಒಂದೊಂದನ್ನೂ ಒತ್ತಿ ನೋಡಿ ಆರಿಸಿದ್ದ. ದಾರಿಯುದ್ದಕ್ಕೂ ಅಪ್ಪ ಹಾಸಿಗೆಯಲ್ಲಿ ಒರಗಿ ಕೂತು ರಸ ಕುಡಿಯುವುದನ್ನು ಬಗೆಬಗೆಯಾಗಿ ಕಲ್ಪಿಸಿಕೊಂಡಿದ್ದ. ಮನೆಯ ತಿರುವಿಗೆ ಬಂದಾಗ ಅಂಗಳದಲ್ಲಿ ಬೆಂಕಿ ಹೊಗೆಯಾಡುತ್ತಿತ್ತು, ಬೀದಿಯ ಜನ ಕೈಕಟ್ಟಿ ನಿಂತಿದ್ದರು. ಅವರೆಲ್ಲರಿಗೂ ಬೆಳಗಿನಿಂದ ಗೊತ್ತಿತ್ತು. ಅವನೊಬ್ಬ ಹಣ್ಣಿನ ಚೀಲ ಹಿಡಿದು ಅವರ ನಡುವೆ ನಡೆದು ಬಂದಿದ್ದ. ಅಪ್ಪ ಹೋದ ದುಃಖ ಕಾಲಕ್ಕೆ ಸರಿಯಾಗಿ ತಣ್ಣಗಾಯಿತು. ಆ ಚೀಲ ಎಲ್ಲಿಡುವುದೆಂದು ತಿಳಿಯದೆ ನಿಂತದ್ದು ಮಾತ್ರ ಇನ್ನೂ ಆರಿಲ್ಲ. ಚಿಕ್ಕಪ್ಪ ಅವನನ್ನು ತಬ್ಬಿಕೊಂಡು, "ದಾರೀಲಿ ಗಾಬರಿ ಆಗ್ತೀಯ ಅಂತ ಹೇಳ್ಲಿಲ್ಲಪ್ಪ" ಎಂದಿದ್ದ. ಅದೂ ಪ್ರೀತಿಯೇ. ಸುದರ್ಶನ ಮೂಸಂಬಿ ಬಿಟ್ಟು ಬಾಳೆಹಣ್ಣು ಕೊಂಡು ಬಸ್ಸು ಹತ್ತಿದ.

ಕಿಟಕಿಯ ಪಕ್ಕ ಕೂತು ಅವನು ಹೇಳಬೇಕಾದ ಮಾತನ್ನು ಕಟ್ಟತೊಡಗಿದ. ಮೇಡಂ, ಒಂದು ಸಣ್ಣ ತಪ್ಪಾಗಿದೆ. ಸಣ್ಣ ಎಂದರೆ ಮತ್ತೆ ಅದೇ ಆಯಿತಲ್ಲ, ಸ್ವಲ್ಪ ಸೀರಿಯಸ್ಸು. ಮೇಡಂ, ಬಣ್ಣದ ವಿಷಯದಲ್ಲಿ ಒಂದು ಗೊಂದಲ. ಗೊಂದಲ ಎಲ್ಲಿತ್ತು? ಬರೆಯುವಾಗ ಸೀರೆ ಅವನ ತೊಡೆಯ ಮೇಲೇ ಇತ್ತು. ಮುಹೂರ್ತದ ಹೊತ್ತಿಗೆ ಮದುಮಗಳ ಸೋದರತ್ತೆ ಕಪ್ಪು ಸೀರೆಯುಟ್ಟು, ತಾನು ಆಕಾಶ ಉಟ್ಟಿದ್ದೇನೆಂದು ತಿಳಿದು, ನಗುತ್ತ ಜನರ ನಡುವೆ ನಡೆದುಬರುವುದು ಅವನಿಗೆ ಕಾಣಿಸಿತು. ಜನ ಬಾಯಿಗೆ ಸೆರಗು ಹಿಡಿಯುತ್ತಾರೆ. ಯಾರಾದರೂ ಹಿರಿಯ ಮುತ್ತೈದೆ, ಈ ಕಡೆ ಕೂತ್ಕೋ ಬಾರಮ್ಮ ಎಂದು ಕೈ ಹಿಡಿದು ಮೂಲೆಯ ಕುರ್ಚಿಗೆ ಒಯ್ಯುತ್ತಾರೆ, ಯಾಕೆಂದು ಹೇಳುವುದಿಲ್ಲ. ಮಾಚೇನಹಳ್ಳಿ ದಾಟಿತು. ಪಕ್ಕದಲ್ಲಿ ಕೂತ ಮುದುಕ ಅವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದ. ಸುದರ್ಶನ ಅಲುಗಾಡದೆ ಕೂತ. ಒಬ್ಬರಿಗಾದರೂ ಇವತ್ತು ತನ್ನಿಂದ ಉಪಕಾರವಾಗಲಿ ಎನ್ನಿಸಿತು.

ಭದ್ರಾವತಿಯ ಜನ್ನಾಪುರದಲ್ಲಿ, ಪಾರ್ಸಲ್ಲಿನ ವಿಳಾಸದ ಮನೆಯ ಮುಂದೆ ಚಪ್ಪರ ಎದ್ದಿತ್ತು. ತೆಂಗಿನ ಗರಿಯ ಹಸಿ ವಾಸನೆ ಬೀದಿಗೆಲ್ಲ ಹಬ್ಬಿತ್ತು. ಗೇಟಿನ ಬಳಿ ನೀರು ಹಿಡಿಯುತ್ತಿದ್ದ ಹೆಂಗಸು ಅವನ ಪರಿಚಯ ಕೇಳುತ್ತಲೇ ಕೊಳಾಯಿ ನಿಲ್ಲಿಸಿ, ಒಳಗೊಮ್ಮೆ ನೋಡಿ, ಅವನನ್ನು ಸಂಪಿನ ಪಕ್ಕಕ್ಕೆ ಕರೆದೊಯ್ದರು. ಬಸವರಾಜೇಶ್ವರಿಯವರ ಅತ್ತಿಗೆ, ಮದುಮಗಳ ತಾಯಿ, ವಿಮಲಮ್ಮ. ಮದುವೆಯ ಓಡಾಟಕ್ಕೆ ಕಣ್ಣು ಗುಳಿಬಿದ್ದಿದ್ದವು.

"ಅಂಗಡಿಯೋರಾ? ಏನ್ರೀ ನೀವು, ನೀಲಿ ಅಂತ ಬರೆದು ಕಪ್ಪು ಕಳ್ಸಿದ್ದೀರಿ. ಪಾರ್ಸಲ್ ಬಿಚ್ಚಿ ನೋಡಿ ನಂಗೆ ಕೈಕಾಲೇ ಆಡ್ಲಿಲ್ಲ. ಅವಳು ಪಕ್ಕದಲ್ಲೇ ನಿಂತಿದ್ಲು, ಹೆಂಗಿದೆ ಅತ್ತಿಗೆ ಅಂತ. ಚೆನ್ನಾಗಿದೆ ಅಂದೆ. ಇನ್ನೇನು ಅನ್ನಲಿ? ಅಷ್ಟು ಖುಷೀಲಿ ಅವಳನ್ನ ನಾನು ನೋಡೇ ಇರ್ಲಿಲ್ಲ."

"ತಪ್ಪು ನಂದೇ ಅಮ್ಮ. ಅದನ್ನ ಹೇಳೋಕೇ ಬಂದೆ."

"ಏನೂ ಹೇಳ್ಬೇಡಿ ಮಾರಾಯ್ರೇ." ಅವರು ಇನ್ನಷ್ಟು ಹತ್ತಿರ ಬಂದರು. "ಬೇರೆ ಅಂಗಡೀಲಿ ಹುಡುಕಿ ಹುಡುಕಿ ಅದೇ ತೂಕದ್ದು, ಅಷ್ಟೇ ಅಗಲದ ಅಂಚಿಂದು, ನೀಲಿ ತಂದಿಟ್ಟಿದ್ದೀನಿ. ಮುಟ್ಟಿದ್ರೂ ಗೊತ್ತಾಗಲ್ಲ. ಭಾನುವಾರ ಬೆಳಿಗ್ಗೆ ನಾನೇ ಅದನ್ನ ಉಡಿಸ್ತೀನಿ. ಅವಳು ನೀಲಿ ಕೇಳಿದ್ಲು, ನೀಲಿ ಉಟ್ಟಂಗಾಯ್ತು. ಯಾರಿಗೇನು ನಷ್ಟ?"

ಯಾರಿಗೇನು ನಷ್ಟ? ಸುದರ್ಶನ ಯೋಚಿಸಿದ, ನಿಜವಾಗಿಯೂ ಯಾರಿಗೂ ನಷ್ಟ ಕಾಣಲಿಲ್ಲ. ದಾರಿಯುದ್ದಕ್ಕೂ ಎದೆಯ ಮೇಲಿದ್ದ ಕಲ್ಲನ್ನು ಈ ತಾಯಿ ಮದುವೆಯ ನೂರು ಕೆಲಸದ ನಡುವೆ, ತನ್ನ ಕೈಯಿಂದ ಖರ್ಚು ಮಾಡಿ, ಎತ್ತಿಟ್ಟಿದ್ದರು. ಅವನ ಸುಳ್ಳು ಭಾನುವಾರಕ್ಕೆ ತಾನಾಗಿಯೇ ನಿಜವಾಗಿಬಿಡುತ್ತದೆ. ಒಳಗೆ ಹೋಗಿ ಹಣ್ಣು ಕೊಟ್ಟು, ನಾಲ್ಕು ಮಾತಾಡಿ, ಕಾಫಿ ಕುಡಿದು ಮೂರು ಗಂಟೆಯ ಬಸ್ಸು ಹಿಡಿಯಬಹುದು. ವಿಡಿಯೋ ಮಾಡುವುದೊಂದು ತಪ್ಪಿಸಿಕೊಂಡರೆ ಸಾಕು, ಫೋನು ಚಾರ್ಜು ಮುಗಿದಿತ್ತು ಎಂದರಾಯಿತು. ಅವನಿಗೆ ವಿಮಲಮ್ಮನ ಕಾಲು ಮುಟ್ಟಬೇಕು ಎನ್ನಿಸುವಷ್ಟು ಹಗುರವಾಯಿತು. ತಲೆಯಾಡಿಸಿ ಅವರ ಹಿಂದೆ ಒಳಗೆ ಹೋದ.

ಬಸವರಾಜೇಶ್ವರಿ ನಡುಕೋಣೆಯ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ತುಂಬಿದ ಮೈ, ಬಿಗಿಯಾಗಿ ಬಾಚಿದ ತಲೆ, ಕೈಯಲ್ಲಿ ಫೋನು. ಅದು ಯಾವುದೋ ಸುದ್ದಿಯನ್ನು ಬೇರೆಯವರಿಗೆ ಅರ್ಥವೇ ಆಗದ ವೇಗದಲ್ಲಿ ಓದುತ್ತಿತ್ತು. ಅವರು ಬೆರಳಿನಿಂದೊಮ್ಮೆ ತಟ್ಟಿ ಅದರ ಬಾಯಿ ಮುಚ್ಚಿಸಿದರು.

"ನೀವೇನಾ ಬರೆದಿದ್ದು? ಮೇಷ್ಟ್ರು ಬರ್ತಾರೆ ಅಂತ ನಿಮ್ಮ ಅಂಗಡಿಯೋರು ಫೋನ್ ಮಾಡಿದ್ರು. ದನಿ ಇಷ್ಟು ಸಣ್ಣಗಿದೆ. ಊಟ ಆಗಿದೆಯೋ ಇಲ್ವೋ? ಅತ್ತಿಗೆ, ಮೇಷ್ಟ್ರಿಗೆ ಮೊದಲು ಕಾಫಿ ಕೊಡಿ." ವಿಮಲಮ್ಮ ಬಾಗಿಲಲ್ಲಿ ನಿಂತು ಅವನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಒಳಗೆ ಹೋದರು. ಎದುರಿಗೇ ಕೂತವರ ಮುಂದೆ ಅಷ್ಟು ದೊಡ್ಡ ಸನ್ನೆ ಮಾಡಬಹುದೆಂಬುದು ಸುದರ್ಶನನಿಗೆ ಆಗ ತಾನೇ ಹೊಳೆದು, ಕತ್ತಿನ ಹಿಂಭಾಗ ಬಿಸಿಯಾಯಿತು.

"ನಂಗೆ ಹುಟ್ಟಿನಿಂದ ಹೀಗಲ್ಲ" ಎಂದು ಬಸವರಾಜೇಶ್ವರಿ ಶುರುಮಾಡಿದರು. ಮಾತಿಗೆ ಹಸಿದವರಲ್ಲ, ಮಾತನ್ನು ಆನಂದಿಸುವವರು. "ಹೈಸ್ಕೂಲಿಗೆ ಹೋಗೋವರೆಗೂ ಕಾಣ್ತಿತ್ತು. ಬಣ್ಣ ಎಲ್ಲಾ ಗೊತ್ತು, ಅದಕ್ಕೇ ಈ ಹೊಟ್ಟೆಕಿಚ್ಚು. ಸೀರೆ ತಂದ್ರೆ ಎಂಥ ಬಣ್ಣ ಅಂತೀನಿ. ಚೆನ್ನಾಗಿದೆ, ನಿಂಗೆ ಒಪ್ಪುತ್ತೆ ಅಂತಾರೆ. ಎಂಥ ಹಸಿರು ಅಂತೀನಿ. ಹಸಿರು ಕಣೇ, ಚೆನ್ನಾಗಿದೆ ಅಂತಾರೆ. ಬೇಜಾರಿಗಲ್ಲ, ಅವರಿಗೆ ಕೆಲ್ಸ ಇರುತ್ತೆ. ನಿಮ್ಮ ಸೈಟಲ್ಲಿ ಮೊದಲ ಸಲ ಯಾರೋ ನಂಗೋಸ್ಕರ ಕೂತು ನೋಡಿ ಬರೆದಿದ್ದಾರೆ ಅನ್ನಿಸ್ತು. ನಂಗೆ ಬಾಯಿಪಾಠ ಆಗಿದೆ, ಕೇಳಿ ಬೇಕಿದ್ರೆ." ಅವರು ಶಾಲೆಯ ಹುಡುಗಿಯಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. "ಇರುಳು ನೀಲಿ ಒಡಲು, ಚಂದ್ರನಿಲ್ಲದ ಆಕಾಶದ ತುಂಬು ಬಣ್ಣ. ಅಂಚಿಗೆ ಅಂಗೈಯಗಲ ಜರಿ, ಬೆಳಗಿನ ಜಾವದ ಹೊಂಬೆಳಕು. ಸೆರಗಿನಲ್ಲಿ ಚೆಲ್ಲಿದ ಚುಕ್ಕಿಗಳು."

ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕೆಂದು ಅವನು ಎಷ್ಟು ವರ್ಷ ಹಂಬಲಿಸಿದ್ದನೋ. ಈಗ ಒಂದೊಂದು ಶಬ್ದವೂ ಬಾಯಿಯೊಳಗೆ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚಿತು. ಗೋಡೆಯ ಗಡಿಯಾರದ ಕಡೆ ನೋಡಿದ, ಕೆಳಗಿನ ಜಮಖಾನೆಯ ಪಟ್ಟೆಗಳನ್ನು ನೋಡಿದ, ಎಲ್ಲಿ ನೋಡಿದರೂ ಆ ಮುಖದ ಬೆಳಕು ತಪ್ಪಲಿಲ್ಲ.

"ನಾನು ಕೇಳ್ಬೇಕು ಅಂದಿದ್ದು ಇಷ್ಟೇ. ಸಂಜೆ ದೀಪ ಹಚ್ಚೋ ಹೊತ್ತಿಗೆ ಆಕಾಶ ಇರುತ್ತಲ್ಲ, ಆ ನೀಲೀನಾ? ಇಲ್ಲಾ ಇನ್ನೂ ದಟ್ಟಾನಾ? ಬಂದಾಗಿಂದ ದಿನಾ ಒಂದೊಂದು ಥರ ಅಂದ್ಕೊಳ್ತಾ ಇದ್ದೀನಿ. ಒಂದು ದಿನ ನವಿಲಿನ ಕತ್ತು, ಒಂದು ದಿನ ನಮ್ಮಪ್ಪನ ಸ್ವೆಟರು."

ದಿನಾ ಒಂದೊಂದು ಥರ. ಮೂಸಂಬಿಯ ಚೀಲ ತೊಡೆಯ ಮೇಲಿತ್ತು, ಬಸ್ಸು ಓಡುತ್ತಿತ್ತು, ಅಪ್ಪ ದಿಂಬಿಗೊರಗಿ ಕೂತಿದ್ದರು. ಬೀದಿಯ ತಿರುವಿನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು.

"ಮೇಡಂ," ಎಂದ ಸುದರ್ಶನ, "ಅದು ನೀಲಿ ಅಲ್ಲ. ಕಪ್ಪು."

ಅವರು ನಕ್ಕರು. "ಕಪ್ಪು ಅನ್ನೋ ಹಾಗೆ ಕಾಣೋ ನೀಲೀನಾ?" ಎಂದು ಅವನಿಗೆ ಬಾಗಿಲನ್ನೂ ತೆರೆದುಕೊಟ್ಟರು. ಅದರಲ್ಲಿ ನುಸುಳಿ ಹೋಗಿಬಿಡಬಹುದಿತ್ತು.

"ಅಲ್ಲ. ಬರೀ ಕಪ್ಪು."

ಹೊರಗೆ ಚಪ್ಪರದ ಕಂಬಕ್ಕೆ ಯಾರೋ ಹಗ್ಗ ಬಿಗಿಯುತ್ತಿದ್ದ ಸದ್ದು ಕೇಳುತ್ತಿತ್ತು. ಬಸವರಾಜೇಶ್ವರಿಯವರ ಕೈ ಮಗ್ಗುಲಲ್ಲಿದ್ದ ಸೀರೆಯ ಪೆಟ್ಟಿಗೆಯ ಮೇಲೆ ಹೋಗಿ ನಿಂತಿತು. ವಿಮಲಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಲೋಟಗಳು ತಟ್ಟೆಯ ಮೇಲೆ ಕಿಣಿಕಿಣಿ ಎಂದವು.

"ಅತ್ತಿಗೆ, ನಿಮಗೆ ಗೊತ್ತಿತ್ತಾ?"

"ರಾಜಿ, ನಾನು..."

"ಅಣ್ಣಂಗೆ?"

"ಅವರಿಗೂ."

"ಮದುಮಗಳಿಗೆ?"

ವಿಮಲಮ್ಮ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಡವರಿಸುತ್ತ, ತಾವು ತಂದಿಟ್ಟ ಇನ್ನೊಂದು ಸೀರೆಯ ವಿಷಯವನ್ನೂ ಹೇಳಿಬಿಟ್ಟರು. ಬಸವರಾಜೇಶ್ವರಿ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ಭಾನುವಾರ ನಾನು ಉಟ್ಟಿರೋದು ಯಾವ ಸೀರೆ ಅಂತ ಎಲ್ಲರಿಗೂ ಗೊತ್ತಿರ್ತಿತ್ತು" ಎಂದರು. "ನಂಗೊಬ್ಬಳಿಗೆ ಬಿಟ್ಟು."

"ಕೆಟ್ಟದ್ದಕ್ಕೆ ಮಾಡ್ಲಿಲ್ಲ ಕಣೇ" ಎಂದು ವಿಮಲಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದರು. ಸುದರ್ಶನನಿಗೆ ತಾನು ಒಂದು ಮದುವೆಯ ಮನೆಗೆ ಬಾಳೆಹಣ್ಣು ತಂದುಕೊಟ್ಟು ಬೆಂಕಿ ಹಚ್ಚಿದೆನಲ್ಲ ಎನ್ನಿಸಿತು. ನಿಜ ಹೇಳಿದ ಸಮಾಧಾನ ಎಲ್ಲೂ ಕಾಣಲಿಲ್ಲ. ಎದ್ದು ಹೋಗಲು ಕಾಲು ಬರಲಿಲ್ಲ, ಕೂತಿರಲು ಮುಖವಿರಲಿಲ್ಲ.

"ಬರೆಯುವಾಗ ನಿಮಗೆ ಗೊತ್ತಿತ್ತಾ, ಕಪ್ಪು ಅಂತ?"

"ಗೊತ್ತಿತ್ತು."

"ಮತ್ತೆ ಯಾಕೆ ಬರೆದ್ರಿ?"

ಅಂಗಡಿಯ ಪದ್ಧತಿ ಇದೆ, ಸಾಹುಕಾರರ ಮಾತಿದೆ, ಶುಭ ಅಶುಭವಿದೆ. ಬಸ್ಸಿನಲ್ಲಿ ಇವನ್ನೆಲ್ಲ ಅವನು ಸಾಲಾಗಿ ಜೋಡಿಸಿಕೊಂಡಿದ್ದ. "ಕೇಳೋಕೆ ಚೆನ್ನಾಗಿತ್ತು" ಎಂದ.

"ಹೌದು. ಕೇಳೋಕೆ ಚೆನ್ನಾಗೇ ಇತ್ತು" ಎಂದರು ಅವರು. ಬಹಳ ಹೊತ್ತು ಪೆಟ್ಟಿಗೆಯ ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಆಮೇಲೆ, "ನೀವು ಬರೆದಿದ್ದನ್ನ ತಿದ್ದೋಕೆ ಬರುತ್ತಾ ನಿಮ್ಮ ಫೋನಿಂದ?" ಎಂದು ಕೇಳಿದರು.

ಬರುತ್ತಿತ್ತು. ಮಧು ಅವನಿಗೆ ಅದನ್ನು ಕಲಿಸಿದ್ದ. ಸುದರ್ಶನ ಸೈಟು ತೆರೆದು, ತನ್ನ ಆಕಾಶ, ಚಂದ್ರ, ಚುಕ್ಕಿಗಳನ್ನು ಅಳಿಸಿದ. 'ಕಪ್ಪು ರೇಷ್ಮೆ ಸೀರೆ. ಅಂಗೈಯಗಲ ಜರಿ ಅಂಚು. ಸೆರಗಿನಲ್ಲಿ ಸಣ್ಣ ಬುಟ್ಟಾ.' ಕ ಅಕ್ಷರ ಒತ್ತುವಾಗ ಗಂಗಾಧರಪ್ಪನವರು ದೇವರ ಪಟದತ್ತ ನೋಡಿದ್ದು ನೆನಪಾಯಿತು. ನಾಳೆ ಈ ಕೆಲಸ ಇರುತ್ತದೋ ಇಲ್ಲವೋ. ಬಸವರಾಜೇಶ್ವರಿ ತಮ್ಮ ಫೋನಿನಲ್ಲಿ ಹುಡುಕಿ ಬೆರಳಿಟ್ಟರು. ಆ ಯಂತ್ರದ ದನಿ ಯಾವ ಭಯವೂ ಭಕ್ತಿಯೂ ಇಲ್ಲದೆ ಕಪ್ಪು ಎಂದಿತು. "ಹಾಂ" ಎಂದರು. "ಇದು ಇಲ್ಲೇ ಇರ್ಲಿ, ವಾಪಸ್ ಬೇಡ. ಕಪ್ಪು ನಂಗೇನು ಹೊಸದಲ್ಲ, ಬ್ಯಾಂಕಿಗೆ ಉಡ್ತೀನಿ. ಈಗ ಏಳಿ, ಆ ಬೀರು ತೆಗೀರಿ. ಬಂದಿದ್ದೀರಲ್ಲ, ಒಂದು ಕೆಲಸ ಮಾಡಿ ಹೋಗಿ. ಒಂದೊಂದೇ ಸೀರೆ ಹೇಳ್ತಾ ಹೋಗಿ. ಚೆನ್ನಾಗಿದೆ ಅನ್ನೋ ಮಾತೊಂದು ಬೇಡ."

ನುಸಿಗುಳಿಗೆಯ ವಾಸನೆಯ ಬೀರುವಿನಿಂದ ಅವನು ಸೀರೆಗಳನ್ನು ತೆಗೆದು ಮಂಚದ ಮೇಲಿಡುತ್ತ ಹೋದ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು; ಸಾಹುಕಾರರ ಹೆಸರು ನೋಡಿ ಸುಮ್ಮನಾಗಿಸಿದ. "ಇದು ಇಟ್ಟಿಗೆ ಬಣ್ಣ. ಸೆರಗಿನ ಹತ್ರ ಒಂದು ಎಣ್ಣೆ ಕಲೆ ಇದೆ, ಹಳೇದು." "ಅಯ್ಯೋ, ಇದನ್ನ ಉಟ್ಕೊಂಡು ಮೊನ್ನೆ ಮ್ಯಾನೇಜರ್ ಬೀಳ್ಕೊಡುಗೆಗೆ ಹೋಗಿದ್ನಲ್ಲ." "ಇದು ಹಸಿರು. ಹೆಸರುಕಾಳಿನ ಹಸಿರು." ಬಾಗಿಲಿನಿಂದ ಮೂಗು ಕಟ್ಟಿದ ದನಿಯೊಂದು, "ಹೆಸರುಕಾಳಲ್ಲ, ಅದಕ್ಕಿಂತ ತಿಳಿ. ಎಳೇ ಸೌತೆಕಾಯಿ" ಎಂದಿತು. ಬಸವರಾಜೇಶ್ವರಿ ಆ ಕಡೆ ಮುಖ ತಿರುಗಿಸಿದರು. ವಿಮಲಮ್ಮ ಒಳಗೆ ಬಂದು, ತಮ್ಮ ಕೈಯಲ್ಲಿದ್ದ ಹೊಸ ಸೀರೆಯನ್ನು ಅವನ ಮುಂದಿಟ್ಟು, "ಇದನ್ನೂ ಹೇಳಿ" ಎಂದು ನೆಲಕ್ಕೆ ಕೂತು, ಬಿಚ್ಚಿದ ಸೀರೆಗಳನ್ನು ಮಡಿಸತೊಡಗಿದರು.

"ಇದು ನೀಲಿ. ಇಂಕಿನ ನೀಲಿ, ಶಾಲೇಲಿ ಕೈಗೆ ಅಂಟ್ತಿತ್ತಲ್ಲ, ಅದು."

"ಇಂಕು" ಎಂದು ಬಸವರಾಜೇಶ್ವರಿ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. "ಸರಿ ಅತ್ತಿಗೆ. ಭಾನುವಾರಕ್ಕೆ ಇದೇ ಇರ್ಲಿ." ವಿಮಲಮ್ಮ ಮಡಿಸುತ್ತಿದ್ದ ಕೈ ನಿಲ್ಲಿಸಿ ಮತ್ತೆ ಮಡಿಸಿದರು.

ಬೀರುವಿನ ಕೆಳಗಿನ ಅರೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಗಂಟು ಉಳಿದಿತ್ತು. ಅದನ್ನು ಬಸವರಾಜೇಶ್ವರಿ ತಾವೇ ಎದ್ದು ಬಂದು, ತಡಕಾಡದೆ, ಸರಿಯಾಗಿ ಕೈಯಿಟ್ಟು ತೆಗೆದರು. "ಇದನ್ನ ನೀವು ಹೇಳೋದು ಬೇಡ, ನಾನೇ ಹೇಳ್ತೀನಿ. ಕನಕಾಂಬರ. ನಮ್ಮವ್ವಂದು. ಕಣ್ಣಿದ್ದಾಗ ಅವಳನ್ನ ಚೆನ್ನಾಗಿ ನೆನಪಿರೋ ಹಾಗೆ ನಾನು ಕಂಡಿದ್ದು ಇದೇ ಸೀರೇಲಿ." ಮಂಚದ ಮೇಲೆ ಅದನ್ನು ಹರವಿ, ಅಂಗೈಯಿಂದ ನೇವರಿಸಿ, "ಬಣ್ಣ ಹಾಗೇ ಇದೆ ತಾನೇ?" ಎಂದರು. ಪ್ರಶ್ನೆ ಯಾರಿಗೆಂದು ಹೇಳಲಿಲ್ಲ.

ವಿಮಲಮ್ಮ ತಲೆಯೆತ್ತಿ ಸುದರ್ಶನನನ್ನು ನೋಡಿದರು. ಈ ಸಲ ತುಟಿಯ ಮೇಲೆ ಬೆರಳಿರಲಿಲ್ಲ. ಕಣ್ಣು ತುಂಬಿದ್ದವು, ಅಷ್ಟೇ. ಮಂಚದ ಮೇಲಿದ್ದದ್ದು ಮಣ್ಣಿನ ನೀರಿನಲ್ಲಿ ಅದ್ದಿ ಒಣಗಿಸಿದಂಥ ಒಂದು ಬಟ್ಟೆ. ಹೆಸರಿಡಲು ಬಣ್ಣವೇ ಇರಲಿಲ್ಲ. ಕಪ್ಪು ಎಂದು ಹೇಳಿದ ಬಾಯಿಗೆ ಇದು ಬರಲಿಲ್ಲ. ಒಂದು ಒಳ್ಳೆಯ ಮಾತು ನಾಲಗೆಯ ತುದಿಗೆ ಬಂತು, ಮುಸ್ಸಂಜೆ, ಮಾಗಿದ ಬಿಸಿಲು, ಅಂಥದ್ದೇನೋ. ಅವನು ಅದನ್ನು ನುಂಗಿಕೊಂಡು ಬಗ್ಗಿದ. ಜೀವಮಾನದಲ್ಲಿ ಯಾವುದನ್ನೂ ಹಾಗೆ ನೋಡಿರಲಿಲ್ಲ. ಅಂಚು ನೋಡಿದ, ಒಡಲು ನೋಡಿದ, ಹಳೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ.

"ಬಣ್ಣ ಹೋಗಿದೆ ಮೇಡಂ" ಎಂದ. "ಮೇಲೆಲ್ಲಾ ಹೋಗಿಬಿಟ್ಟಿದೆ. ಮಣ್ಣಿನ ಬಣ್ಣ ಆಗಿದೆ."

ಅವರ ಕೈ ಅಲುಗಲಿಲ್ಲ.

"ಆದ್ರೆ ಇಲ್ಲಿ, ಮಡಿಕೆ ಒಳಗೆ ಬೆಳಕು ಬೀಳದೇ ಇರೋ ಕಡೆ, ಒಂದು ಗೆರೆ ಉಳಿದಿದೆ. ಕನಕಾಂಬರಾನೇ. ಹೂವಿಂದೇ ಬಣ್ಣ."

"ಎಲ್ಲಿ?"

ಸುದರ್ಶನ ಹೇಳುವ ಮೊದಲೇ ವಿಮಲಮ್ಮ ಎದ್ದು ಬಂದು, ನಾದಿನಿಯ ಬೆರಳು ಹಿಡಿದು ಮಡಿಕೆಯೊಳಗೆ ಇಟ್ಟರು. "ಇಲ್ಲಿ ಕಣೇ. ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲಿ." ಬಸವರಾಜೇಶ್ವರಿಯವರ ಬೆರಳು ಆ ಗೆರೆಯ ಮೇಲೆ ತುದಿಯವರೆಗೆ ನಿಧಾನವಾಗಿ ಹೋಗಿ, ಅದು ಮುಗಿದ ಕಡೆ ನಿಂತಿತು.

"ಇಲ್ಲಿಗೆ ಮುಗೀತಾ?"

"ಮುಗೀತು" ಎಂದ ಸುದರ್ಶನ.